ಅಪ್‌ಡೇಟ್: ಸಾಪಾ ಟ್ರೆಕ್ ಆಯ್ತು, ಅಮ್ಮನ ಊಟವೂ ಸರಿಹೋಯ್ತು

ವಿಯೆಟ್ನಾಂನ ಸಾಪಾದಲ್ಲಿ ಹಳ್ಳಿ ಟ್ರೆಕ್ ಮಾಡಬೇಕು, ಸೆಪ್ಟೆಂಬರ್ ಮಳೆ ಬೇರೆ, ಅಮ್ಮ ಮೀನು-ಮಾಂಸ ಮುಟ್ಟಲ್ಲ, ಹೇಗೆ ಅಂತ ಕೇಳಿದ್ದೆನಲ್ಲ? ಹೋಗಿಬಂದೆವು.

ಹ್ಮಾಂಗ್ (ಅಲ್ಲಿನ ಗುಡ್ಡಗಾಡು ಜನಾಂಗ) ಹಳ್ಳಿಯ ಹೆಂಗಸರನ್ನೇ ಗೈಡ್ ಮಾಡಿಕೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ತಾ ವಾನ್ ಹಳ್ಳಿಯ ಹೋಂಸ್ಟೇಗೆ ಆ ಗೈಡ್‌ಗಳೇ ಮೊದಲು ಫೋನ್ ಮಾಡಿ ಮೀನಿನ ಸಾಸ್ ಹಾಕಬೇಡಿ ಅಂತ ಹೇಳಿದ್ದರು. ಮುಖ್ಯ ಸಮಸ್ಯೆ ಅದೇ. ಬರೀ ಸೊಪ್ಪು ಅಂದುಕೊಂಡರೂ ಅದರಲ್ಲಿ ಸಾಸ್ ಇರುತ್ತೆ. ಅನ್ನ, ತೋಫು, ಹುರಿದ ಸೊಪ್ಪು ಸಿಕ್ಕಿತು. ಅಮ್ಮ ಖುಷಿ. ಉಪ್ಪಿನಕಾಯಿ ಒಯ್ಯಿ ಅಂದವರೂ ಸರಿಯೇ!

ಒಳ್ಳೆ ಗ್ರಿಪ್ ಇರೋ ಶೂ ಸಾಕು ಅನ್ನೋ ಸಲಹೆ ಮಾತ್ರ ನಡೆಯಲಿಲ್ಲ. ಲಾವೊ ಚಾಯ್ ಹಳ್ಳಿ ಕಡೆ ಇಳಿಯುವಾಗ ಬರೀ ಜಾರುವ ಕೆಸರು. ಸಾಪಾ ಪೇಟೆಯಲ್ಲಿ ಗಮ್‌ಬೂಟು ಬಾಡಿಗೆಗೆ ಸಿಗುತ್ತೆ, ಸುಮ್ನೆ ಅದನ್ನೇ ತಗೊಳ್ಳಿ.

ಗೊತ್ತಿರದ ವಿಷಯ ಒಂದು: ಅಲ್ಲಿ ಚಳಿ ಜಾಸ್ತಿ, ಹಾಗಾಗಿ ಆ ಮೆಟ್ಟಿಲು ಗದ್ದೆಗಳಲ್ಲಿ ವರ್ಷಕ್ಕೆ ಒಂದೇ ಭತ್ತದ ಬೆಳೆ. ಹಳದಿ ಪೈರು ನೋಡಬೇಕಂದ್ರೆ ಸೆಪ್ಟೆಂಬರ್ ಕೊನೆಗೆ ಕಾಯಬೇಡಿ. ನಾವು ಹೋದಾಗ ಎಷ್ಟೋ ಗದ್ದೆ ಕೊಯ್ಲಾಗಿತ್ತು. ನೀರು ತುಂಬಿ ಹೊಳೆಯೋ ಗದ್ದೆ ಬೇಕಿದ್ದರೆ ಮೇ ತಿಂಗಳು.