ಅಪ್‌ಡೇಟ್: ನಮ್ಮೂರ ಭಜನೆಗೆ ಕೊನೆಗೂ ಶ್ರುತಿ ಕೂಡಿತು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಜಾತ್ರೆಗೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸೇರಿ ಹಾಡಬೇಕು, ಆದರೆ ಯಾವ ಶ್ರುತಿ ಹಿಡಿದರೂ ಅರ್ಧ ಜನರಿಗೆ ಸ್ವರ ನಿಲುಕುವುದಿಲ್ಲ, ಹಳೇ ತಂಬೂರಿಯೂ ಮಂಕಾಗಿದೆ ಅಂತ.

ನೀವು ಹೇಳಿದ ಹಾಗೆ ಶ್ರುತಿಯನ್ನು ಕಪ್ಪು ಎರಡಕ್ಕೆ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆಗೆ, ಇಟ್ಟೆವು. ಗಂಡಸರಿಗೆ ಸ್ವಲ್ಪ ಮೇಲೆ, ಹೆಂಗಸರಿಗೆ ಸ್ವಲ್ಪ ಕೆಳಗೆ. ತಾರಸ್ಥಾಯಿಗೆ ಜಾಸ್ತಿ ಏರುವ ಪದಗಳನ್ನು ಬಿಟ್ಟೆವು. ಶರೀಫರ ತತ್ವಪದ, ದಾಸರ ಪದ ಸಾಕಷ್ಟು ಇವೆಯಲ್ಲ!

ತಂಬೂರಿಯದ್ದೇ ಮಜಾ. ನಾಲ್ಕೂ ತಂತಿ, ಪ ಸ ಸ ಮತ್ತು ಮಂದ್ರ ಸ, ಸರಿಯಾಗೇ ಇದ್ದವು. ಕುದುರೆಯ, ಅಂದರೆ ತಂತಿಗಳನ್ನು ಹೊರುವ ಮಣೆಯ, ಮೇಲೆ ತಂತಿಯಡಿ ಇರಬೇಕಾದ ಹತ್ತಿ ದಾರವೇ ಇರಲಿಲ್ಲ. ಅಜ್ಜಿಯ ಹೊಲಿಗೆ ಡಬ್ಬಿಯಿಂದ ದಾರ ತಂದು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದೆ. ಒಮ್ಮೆಲೇ ಝೇಂಕಾರ! ಅದಕ್ಕೇ ಅಲ್ವಾ ಆ ದಾರಕ್ಕೆ ಜೀವ ಅನ್ನೋದು.

ಜಾತ್ರೆ ರಾತ್ರಿ ನಲವತ್ತು ಜನ ಹಾಡಿದೆವು. ಮಧ್ಯೆ ಕರೆಂಟ್ ಹೋಯಿತು, ಮೈಕ್ ಸತ್ತಿತು. ಯಾರೂ ನಿಲ್ಲಿಸಲಿಲ್ಲ. ಪಿಟೀಲಿನ ಹುಡುಗ ಕತ್ತಲಲ್ಲೇ ನುಡಿಸಿದ. ತಾಳ ಮಾತ್ರ ಓಡಿತು, ಅದು ನಮ್ಮ ಮಾವನ ಕೈವಾಡ. ಅವರ ಕೈಯಿಂದ ತಾಳ ಇಳಿಸೋದು ಹೇಗೆ, ಹೇಳ್ತೀರಾ?