ಬ್ಯಾಂಕಿನ ಕಂತು ಶುರು ಆಗ್ಯಾದ, ಮನಿ ಖರ್ಚು ಹ್ಯಾಂಗ ಹೊಂದಸಬೇಕ್ರಿ?

ಮಿಲ್ ಗುಮಾಸ್ತ, ಕಲಬುರಗಿ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಇಲ್ಲೇ ಒಂದು ದಾಲ್ ಮಿಲ್ಲಿನಾಗ ಲೆಕ್ಕ ಬರೀತೀನಿ, ಪಗಾರ 26,000. ಅವ್ವನ ಆಪರೇಷನ್ನಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದ್ದು, ಅದರ ಮ್ಯಾಲ ಒಂದು ಪರ್ಸನಲ್ ಲೋನು, ಎರಡೂ ಕೂಡಿ ಕೈ ಮೀರಿ ಹೋಗಿತ್ತು. ಬ್ಯಾಂಕಿನವರ ಕೂಡ ಕುಂತು ಮಾತಾಡಿ ಎಲ್ಲಾ ಸೇರ್ಸಿ 48 ಕಂತು ಮಾಡಿಸ್ಕೊಂಡೀನಿ, ತಿಂಗಳಿಗೆ 9,400. ಬಾಡಗಿ 5,500 ಹೋದ್ರ ಉಳಿಯೋದು 11,100, ಉಣ್ಣೋರು ಐದು ಮಂದಿ. ಮನಿಯಾಕಿ ಬ್ಲೌಸ್ ಹೊಲೀತಾಳ, ಅದು ಒಂದು ತಿಂಗಳು ಬರ್ತದ ಒಂದು ತಿಂಗಳು ಇಲ್ಲ. ಕಂತು 5ಕ್ಕ ಕಟ್ ಆಗ್ತದ, ಪಗಾರ ಬರೋದು 9ಕ್ಕ, ಹೋದ ಸಲ ಬೌನ್ಸ್ ಆಗಿ ದಂಡ ಬಿತ್ತು. ಜೂನ್‌ನಾಗ ಹುಡುಗರ ಫೀಸು 24,000 ಬ್ಯಾರೆ. ಮನಿಯಾಕಿ ಹೆಸರಲೇ ಸಂಘದಾಗ 30,000 ಎತ್ತಿ ತುಂಬಿಬಿಡ್ಲೇನು? ರಾತ್ರಿ ನಿದ್ದಿ ಹತ್ತವಲ್ದು.

ಬೀದರ್ ಅಕ್ಕ:
ತಮ್ಮಾ, ಸಂಘದ ಸಾಲ ಮಾತ್ರ ಬ್ಯಾಡ. ನಾವು ಹಾಂಗೇ ಮಾಡಿದ್ವಿ, ತಿಂಗಳ ಕಂತಿನ ಜೋಡಿ ವಾರದ ಕಂತೂ ಕೊರಳಿಗೆ ಬಿತ್ತು, ಮಂಗಳವಾರ ಬಂತಂದ್ರ ಎದಿ ಡವಡವ ಅಂತಿತ್ತು. ಮೊದಲ ಬ್ಯಾಂಕಿಗೆ ಹೋಗಿ ಕಂತಿನ ತಾರೀಖು 12ಕ್ಕ ಹಾಕ್ರಿ ಅಂತ ಬರದು ಕೊಡು, ಬಾಯಿಲೇ ಹೇಳಿ ಬರಬ್ಯಾಡ. ಆಮ್ಯಾಲ ಫೀಸು, ಹಬ್ಬದ ಅರಬಿ, ದವಾಖಾನಿ ಇವೆಲ್ಲಾ ವರ್ಷಕ್ಕ ಎಷ್ಟು ಅಂತ ಕೂಡ್ಸು. 30,000 ಆದ್ರ ತಿಂಗಳಿಗೆ 2,500, ಅದನ್ನ ಪಗಾರ ಬಂದ ದಿನಾನೇ ಬ್ಯಾರೆ ಖಾತಾಕ್ಕ ಹಾಕು, ಆ ಖಾತಾದ ಎಟಿಎಂ ಕಾರ್ಡು ಮನಿಯಾಗ ಯಾರ ಕೈಯಾಗೂ ಇರಬಾರ್ದು. ಗೃಹಲಕ್ಷ್ಮಿ 2,000 ಬಂದ್ರ ಅದೂ ಅಲ್ಲೇ, ಆದ್ರ ಅದು ಯಾವಾಗ ಬರ್ತದೋ ಗ್ಯಾರಂಟಿ ಇಲ್ಲ, ಅದರ ಮ್ಯಾಲ ಲೆಕ್ಕ ಹಾಕಬ್ಯಾಡ. ಕಿರಾಣಿ ಉದ್ರಿ ಪುಸ್ತಕ ಬಂದ್ ಮಾಡು. ಜ್ವಾಳ ಸುಗ್ಗಿ ಆದಮ್ಯಾಲ ಒಂದು ಚೀಲ ಹಿಡದು ಹಾಕ್ಕೊಂಡ್ರ ಅಂಗಡ್ಯಾಗ ಕಿಲೋ ಕಿಲೋ ತರೋದಕ್ಕಿಂತ ಹಗುರ ಬೀಳ್ತದ. ನಮಗ ಎಲ್ಲಾದಕ್ಕಿಂತ ಕಷ್ಟ ಆಗಿದ್ದು ಆಯೇರಿ, ಮದವ್ಯಾಗ ಕೊಡೋ ಉಡುಗೊರಿ. ಮದವಿ ಸೀಜನ್ನಿನಾಗ ಬರೇ ಆಯೇರಿಗೇ ನಾಕು ಸಾವಿರ ಹೋಗ್ತಿತ್ತು. ಅತ್ತಿ ಮುಂದ ಕುಂತು ಖರೇ ಹೇಳ್ದೆ, ಎರಡು ವರ್ಷ ಅಕ್ಕಿಕಾಳು ಹಾಕಿ ಉಂಡು ಬರ್ತೀವಿ ಅಂತ. ಒಬ್ಬಾಕಿ ನಾದಿನಿ ಮುನಿಸ್ಕೊಂಡ್ಳು, ಉಳದವರು ಏನೂ ಅನ್ಲಿಲ್ಲ.

ಯಾದಗಿರಿ ರಿಟೈರ್ಡ್:
ನಾ ಬ್ಯಾಂಕಿನಾಗ ದುಡದವ್ನು. ಗುಮಾಸ್ತರೇ, 48 ಕಂತಿನ ಪತ್ರ ಸಹಿ ಶಿಕ್ಕಾ ಹಾಕಿದ್ದು ನಿಮ್ ಕೈಯಾಗ ಅದನೋ ಇಲ್ಲೋ ಮೊದಲ ನೋಡ್ರಿ, ಬಡ್ಡಿ ಎಷ್ಟು, ನಡುವ ಕೈಯಾಗ ರೊಕ್ಕ ಬಂದ್ರ ಮುಂಗಡ ಕಟ್ಟಲಿಕ್ಕೆ ಬರ್ತದೇನು, ಅದರಾಗ ಬರದಿರಬೇಕು. ಯಾರರೆ ಫೋನ್ ಮಾಡಿ ಅರ್ಧಕ್ಕ ಮುಗಿಸಿಕೊಡ್ತೀವಿ ಅಂದ್ರ ದುಡುಕಬ್ಯಾಡ್ರಿ, ಹಾಂಗ ಮಾಡಿದ್ರ ನಿಮ್ಮ ಸಾಲದ ಚರಿತ್ರಿ ಬರದಿಡೋ ಸಿಬಿಲ್‌ನಾಗ ‘ಕ್ಲೋಸ್ಡ್’ ಅಲ್ಲ ‘ಸೆಟಲ್ಡ್’ ಅಂತ ಬೀಳ್ತದ, ಮುಂದ ಸಾಲ ಕೇಳಾಗ ಅದೇ ಅಡ್ಡ ಬರ್ತದ. ಆ ರಿಪೋರ್ಟ್ ವರ್ಷಕ್ಕ ಒಂದು ಸಲ ಫ್ರೀ ಸಿಗ್ತದ, ತಗದು ನೋಡ್ರಿ. ಇನ್ನ ವಸೂಲಿಯವರು ಮುಂಜಾನಿ 8ರ ಒಳಗ, ಸಂಜಿ 7ರ ಮ್ಯಾಲ ಫೋನ್ ಮಾಡೋಂಗಿಲ್ಲ, ರಿಸರ್ವ್ ಬ್ಯಾಂಕ್ 2022ರಾಗೇ ಹೇಳ್ಯಾದ. ಕಾಡಿಸಿದ್ರ ಮೊದಲ ಬ್ಯಾಂಕಿಗೆ ಬರದು ಕೊಡ್ರಿ, 30 ದಿನದಾಗ ಉತ್ತರ ಬರಲಿಲ್ಲಂದ್ರ ಬ್ಯಾಂಕಿನ ಮ್ಯಾಲಿನ ದೂರು ಕೇಳೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

ಸೇಡಂ ಹುಡುಗ:
ಅಣ್ಣಾ, ಫೀಸು ಮೂರು ಸಲ ಕಟ್ತೀನಿ ಅಂತ ಹೆಡ್‌ಮಾಸ್ತರಿಗೆ ಈಗಲೇ ಕೇಳ್ರಿ, ಜೂನ್ ತನಕ ಕಾಯಬ್ಯಾಡ್ರಿ. ನಮ್ಮ ಸಾಲಿಯವರು ಒಪ್ಪಿದ್ರು.

ಮಿಲ್ ಗುಮಾಸ್ತ, ಕಲಬುರಗಿ:
ಅಕ್ಕಾ, ಸರ್, ತಮ್ಮಾ, ಭಾಳ ಉಪಕಾರ ಆಯ್ತು. ಇವತ್ತು ಮಧ್ಯಾಹ್ನ ರಜಾ ಹಾಕಿ ತಾರೀಖಿನ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡು ಬಂದೆ. ಪತ್ರ ಕೇಳಿದ್ದಕ್ಕ ಸೋಮವಾರ ಬರ್ರಿ ಅಂದಾರ. ಸಂಘದ ಮಾತು ಬಿಟ್ವಿ, ಮನಿಯಾಕಿಗೂ ಅದು ಮೊದಲಿಂದ ಮನಸ್ಸಿರಲಿಲ್ಲಂತ. ಆಯೇರಿ ವಿಷಯ ಅವ್ವಗ ಹ್ಯಾಂಗ ಹೇಳಬೇಕು ಅಂತ ಇಬ್ಬರೂ ವಿಚಾರ ಮಾಡ್ಲಕತ್ತೀವಿ, ಮುಂದಿನ ವಾರನೇ ಆಳಂದದಾಗ ಮಾವನ ಮಗಳ ಮದವಿ ಅದ.