ಮೇಲಿನ ಮನೆ ಬ್ಯಾಚುಲರ್ಸ್‌ಗೆ ಕೊಡೋದಾ? ಠಾಣೆಗೆ ಏನೇನು ಕೊಡಬೇಕು?

ಮೂರನೇ ಅಡ್ಡರಸ್ತೆ:
ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು 20-30 ಸೈಟಿನ ಮನೆ. ಕೆಳಗೆ ನಾನು, ಅಮ್ಮ. ಮೇಲಿನದು ಎರಡು ತಿಂಗಳಿಂದ ಖಾಲಿ. ನಿನ್ನೆ ರಾತ್ರಿ ದೊಡ್ಡಪ್ಪ, ಭಾವ ಊಟಕ್ಕೆ ಬಂದಿದ್ದರು. ಮುದ್ದೆ, ಹುರುಳಿಕಾಳು ಬಸ್ಸಾರು. ಕೈ ಒಣಗಿದರೂ ಯಾರೂ ಏಳಲಿಲ್ಲ, ಅಷ್ಟು ಮಾತು.

ಮನೆ ಕೇಳಿಕೊಂಡು ಬಂದಿರೋದು ರಾಯಚೂರು ಕಡೆಯ ಮೂವರು ಹುಡುಗರು. ಪೀಣ್ಯದಲ್ಲಿ ಕೆಲಸ, ಒಬ್ಬನಿಗೆ ನೈಟ್ ಶಿಫ್ಟ್. "ಬ್ಯಾಚುಲರ್ಸಾ? ಬೇಡವೇ ಬೇಡ. ಫ್ಯಾಮಿಲಿಗೆ ಮಾತ್ರ ಅಂತ ಬೋರ್ಡು ಹಾಕು" ಅಂದರು ಭಾವ. ಹೋದ ತಿಂಗಳು ಹಿಂದಿನ ರಸ್ತೆಯಲ್ಲಿ ಸ್ಕೂಟರ್ ಕಳುವಾಯ್ತಲ್ಲ, ಅದೇ ಅವರ ವಾದ. ಕದ್ದವನಿಗೆ ಮದುವೆ ಆಗಿತ್ತೋ ಇಲ್ವೋ ಯಾರಿಗೆ ಗೊತ್ತು!

ದೊಡ್ಡಪ್ಪನದು ಹಳೇ ರಾಗ. ಆಗೆಲ್ಲ ಮೂಲೆ ಮನೆ ಗೇಟಿಗೆ ಪೊಲೀಸ್ ಗಸ್ತಿನ ಬೀಟ್ ಪುಸ್ತಕ ನೇತಾಡುತ್ತಿತ್ತಂತೆ. ರಾತ್ರಿ ಪೇದೆ ಬಂದು ಸಹಿ ಹಾಕಿ ಹೋಗುತ್ತಿದ್ದರಂತೆ. "ಈಗ ನಿಮ್ಮ ಬೀಟ್ ಪೊಲೀಸ್ ಹೆಸರು ಹೇಳು ನೋಡೋಣ" ಅಂದರು. ಮುದ್ದೆ ನುಂಗಿ ಸುಮ್ಮನಾದೆ. ಅಮ್ಮನದು ಬೇರೆಯೇ ಲೆಕ್ಕ: "ಆ ಹುಡುಗ ಚಪ್ಪಲಿ ಗೇಟಿನ ಹತ್ರಾನೇ ಬಿಟ್ಟು ಬಂದ. ಕೊಡೋಣ."

ನನಗೂ ಕೊಡೋಣ ಅಂತಲೇ ಇದೆ. ಠಾಣೆಗೆ ವಿವರ ಕೊಟ್ಟರೆ ಉಪಯೋಗ ಇದೆಯಾ, ಅಥವಾ ಸುಮ್ನೆ ಕಾಗದವಾ?

ಲೆಕ್ಕದ ಮೇಷ್ಟ್ರು:
ಮೂವರದೂ ಫೋಟೋ, ಆಧಾರ್ ಜೆರಾಕ್ಸ್, ಊರಿನ ವಿಳಾಸ, ಕೆಲಸದ ಜಾಗ. ಒಂದು ಸೆಟ್ ಠಾಣೆಗೆ ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಗ್ರಿಮೆಂಟ್ 11 ತಿಂಗಳಿಗೆ ಮಾಡಿಸಿ. ಒಂದು ವರ್ಷ ದಾಟಿದರೆ ನೋಂದಣಿ ಆಗಲೇಬೇಕು. ಮೂವರ ಹೆಸರೂ ಅದರಲ್ಲಿರಲಿ. ನಾಳೆ ಒಬ್ಬ ಬಿಟ್ಟು ಇನ್ನೊಬ್ಬ ಬಂದರೆ ಗೊತ್ತಾಗಬೇಕಲ್ಲ.
2017ರಲ್ಲಿ ಸುಧಾರಿತ ಬೀಟ್ ಪದ್ಧತಿ ಬಂತು. ಒಂದೊಂದು ಬೀಟಿಗೆ ಒಬ್ಬ ಪೊಲೀಸ್ ಹೊಣೆ. ಠಾಣೆಯಲ್ಲಿ ಕೇಳಿ, ಹೆಸರು, ನಂಬರ್ ಹೇಳುತ್ತಾರೆ.

ಗಂಟುಮೂಟೆ:
ಆರು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ ಬ್ಯಾಚುಲರ್ ನಾನು. ಒಂದು ಸಲ ಓನರ್ ಊರಿಗೆ ಹೋಗಿದ್ದಾಗ ರಾತ್ರಿ ಎರಡಕ್ಕೆ ಕೆಳಗೆ ಬೀಗ ಅಲ್ಲಾಡಿಸೋ ಸದ್ದು. 112ಕ್ಕೆ ಫೋನ್ ಮಾಡಿದೆ. ಪೊಲೀಸರ ಗಸ್ತು ಗಾಡಿ ಹೊಯ್ಸಳ ಬಂತು. ಟಾರ್ಚ್ ನನ್ನ ಮುಖಕ್ಕೇ ಬಿಟ್ಟು "ನೀನ್ಯಾರು?" ಅಂದರು. ಓನರ್ ಠಾಣೆಗೆ ನನ್ನ ವಿವರ ಕೊಟ್ಟೇ ಇರಲಿಲ್ಲ. ಕಾಗದ ನಮಗೂ ಬೇಕು ಸಾರ್.
ಅಂದಹಾಗೆ ಅಡ್ವಾನ್ಸ್ ಎಷ್ಟು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅಂತಿದೆ. ನಮ್ಮೂರಲ್ಲಿ ಹತ್ತು ತಿಂಗಳದ್ದು ಕೇಳಿದವರನ್ನೂ ನೋಡಿದ್ದೀನಿ.

ಮೂರನೇ ಅಡ್ಡರಸ್ತೆ:
ಐದು ಹೇಳಿದ್ದೆ. ಅಮ್ಮ ನನ್ನ ಕೇಳದೇ ಮೂರಕ್ಕೆ ಇಳಿಸಿದ್ದಾರೆ. ಹುಡುಗರು ಶುಕ್ರವಾರ ಬರುತ್ತಾರೆ. ಭಾವ ಮುನಿಸಿಕೊಂಡಿದ್ದಾರೆ, ಇರಲಿ.
ಠಾಣೆಗೆ ಹೋಗಿ ಬಂದೆ. ಬೀಟ್ ಪೊಲೀಸ್ ಹೆಸರು, ನಂಬರ್ ಎರಡೂ ಸಿಕ್ಕಿತು. ದೊಡ್ಡಪ್ಪನಿಗೆ ಫೋನ್ ಮಾಡಿ ಜಂಬದಿಂದ ಹೇಳಿದೆ. "ಸರಿ, ಅವರಿಗೆ ನಿನ್ನ ಹೆಸರು ಗೊತ್ತಾ?" ಅಂದರು.